ಕ್ಯಾನ್ಸರ್ ಥರ ಕಾಣೋ, ಕ್ಯಾನ್ಸರ್ ಅಲ್ಲದ ಗಂಟು: ಒಂದು ಥೈರಾಯ್ಡ್ ಗಡ್ಡೆಯ 114 ವರ್ಷದ ಕಥೆ

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ನಿದ್ದೆ ಬರಲಿ ಅಂತ ಹಾಕ್ಕೊಂಡಿರೋರಿಗೆ, ಎಲ್ರಿಗೂ ಸ್ವಾಗತ. ಇವತ್ತಿನ ಕಥೆ ಶುರುವಾಗೋದು ನಮ್ಮ ಚಿಕ್ಕಮ್ಮನ ಕುತ್ತಿಗೆಯಿಂದ.

ಚಿಕ್ಕಮ್ಮ ಅರಸೀಕೆರೆಯಲ್ಲಿ ಬ್ಲೌಸ್ ಹೊಲೀತಾರೆ. ಊರವರ ಕುತ್ತಿಗೆ ಅಳತೆ ತಗೊಳ್ಳೋದೇ ಅವರ ಕೆಲಸ. ಆದ್ರೆ ತಮ್ಮ ಕುತ್ತಿಗೆಯಲ್ಲಿ ನೆಲ್ಲಿಕಾಯಿ ಗಾತ್ರದ ಒಂದು ಗಂಟು ಕೂತಿದ್ದು ಅವರಿಗೇ ಗೊತ್ತಾಗಿರಲಿಲ್ಲ. ನೋವಿಲ್ಲ, ನುಂಗೋಕೆ ತೊಂದ್ರೆ ಇಲ್ಲ. ಒಂದಿನ ಕನ್ನಡಿ ಮುಂದೆ ನೀರು ಕುಡಿಯುವಾಗ ಅದು ಗಂಟಲ ಜೊತೆ ಮೇಲೆ ಕೆಳಗೆ ಹೋಗಿದ್ದು ಕಾಣಿಸ್ತಂತೆ. ಆಸ್ಪತ್ರೆಗೆ ಹೋದ್ರು, ಸ್ಕ್ಯಾನ್ ಆಯ್ತು, ಸೂಜಿ ಚುಚ್ಚಿ ಟೆಸ್ಟ್ ಮಾಡಿದ್ರು. ರಿಪೋರ್ಟ್ ಬಂತು: ‘ಪ್ಯಾಪಿಲರಿ ಕಾರ್ಸಿನೋಮಾ ಇರಬಹುದು ಎಂಬ ಶಂಕೆ.’

ಚಿಕ್ಕಪ್ಪ ಅದನ್ನ ಫೋಟೋ ತೆಗೆದು ನಂಗೆ ವಾಟ್ಸಾಪ್ ಮಾಡಿದ್ರು. ಯಾಕಂದ್ರೆ ನಮ್ಮ ಮನೆಯಲ್ಲಿ ‘ಇಂಗ್ಲಿಷ್ ಬರೋಳು’ ನಾನೇ. ನಾನು ಓದಿರೋದು ಬಿಕಾಂ. ಜಿಎಸ್‌ಟಿ ನೋಟಿಸ್ ಬಂದ್ರೆ ಓದಿ ಹೇಳ್ತೀನಿ, ಕಾರ್ಸಿನೋಮಾ ನಂಗೆಲ್ಲಿಂದ ಗೊತ್ತಿರುತ್ತೆ? ಗೂಗಲ್ ಮಾಡ್ದೆ, ಕೈ ತಣ್ಣಗಾಯ್ತು. ಆ ಕಡೆಯಿಂದ ಚಿಕ್ಕಮ್ಮ ಫೋನ್ ತಗೊಂಡು ಕೇಳಿದ್ದು ಒಂದೇ ಮಾತು: ‘ಏನೇ ಅದು, ಕ್ಯಾನ್ಸರ್ರಾ?’

ಅವರನ್ನ ನೋಡ್ತಿದ್ದ ಸರ್ಜನ್ ಸಮಾಧಾನದ ಮನುಷ್ಯ. ‘ಗಂಟು ಒಂದೇ ಕಡೆ ಇದೆ, ಸಣ್ಣದಿದೆ. ಮೊದಲು ಆ ಅರ್ಧ ಥೈರಾಯ್ಡ್ ಮಾತ್ರ ತೆಗೆಯೋಣ. ಲ್ಯಾಬ್‌ನಲ್ಲಿ ಪೂರ್ತಿ ನೋಡಲಿ. ಕ್ಯಾನ್ಸರ್ ಅಂತ ಬಂದ್ರೆ, ಇನ್ನರ್ಧ ತೆಗೀಬೇಕಾ ಅಂತ ಆಮೇಲೆ ಯೋಚಿಸೋಣ’ ಅಂದ್ರು. ಹಾಗೇ ಆಯ್ತು. ಎರಡು ವಾರ ಬಿಟ್ಟು ಬಂದ ರಿಪೋರ್ಟ್‌ನಲ್ಲಿ ಪ್ಯಾಪಿಲರಿ ಅನ್ನೋ ಪದ ಮಾಯ. ಅದರ ಜಾಗದಲ್ಲಿ ಬಾಯಿಗೆ ಹಿಡಿಸದಷ್ಟು ಉದ್ದದ ಒಂದು ಹೆಸರು: ಹೈಲಿನೈಜಿಂಗ್ ಟ್ರಾಬೆಕ್ಯುಲರ್ ಟ್ಯೂಮರ್. ಕೆಳಗೆ ಒಂದು ಸಾಲು, ಇದು ಬಹುತೇಕ ಯಾವಾಗಲೂ ನಿರುಪದ್ರವಿ ಅಂತ.

ಅದೇ ಗಂಟು, ಅದೇ ಜೀವಕೋಶಗಳು. ಸೂಜಿಯಲ್ಲಿ ಬಂದಾಗ ಕ್ಯಾನ್ಸರ್ ಶಂಕೆ, ಇಡೀ ಗಂಟು ಕೈಗೆ ಬಂದಾಗ ಕ್ಯಾನ್ಸರ್ ಅಲ್ಲ. ಇದು ಲ್ಯಾಬ್‌ನವರ ತಪ್ಪಾ? ಇಲ್ಲ ಅಂತ ಅರ್ಥ ಮಾಡ್ಕೊಳ್ಳೋಕೆ ನಂಗೆ ತಿಂಗಳುಗಟ್ಟಲೆ ಹಿಡೀತು. ಈ ಗಡ್ಡೆ ನೂರು ವರ್ಷದಿಂದ ಪ್ರಪಂಚದ ಘಟಾನುಘಟಿ ಪೆಥಾಲಜಿಸ್ಟ್‌ಗಳನ್ನೇ ಯಾಮಾರಿಸ್ತಾ ಬಂದಿದೆ. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ: ನಾನು ಡಾಕ್ಟರ್ ಅಲ್ಲ. ಇದು ಇತಿಹಾಸ, ಚಿಕಿತ್ಸೆಯ ಸಲಹೆ ಅಲ್ಲ.

ಮೊದಲು ಸ್ವಿಟ್ಜರ್ಲೆಂಡಿನ ಬರ್ನ್ ಊರಿಗೆ ಹೋಗೋಣ. ಆಲ್ಪ್ಸ್ ಬೆಟ್ಟದ ಸೀಮೆಯ ಮಣ್ಣು, ನೀರಲ್ಲಿ ಅಯೋಡಿನ್ ಕಮ್ಮಿ. ಹಾಗಾಗಿ ಅಲ್ಲಿ ಗಳಗಂಡ ಅನ್ನೋದು ಮನೆಮನೆ ಕಥೆ. ಥಿಯೋಡರ್ ಕೋಕರ್ ಅನ್ನೋ ಸರ್ಜನ್ ಅಲ್ಲಿದ್ದರು. ಥೈರಾಯ್ಡ್ ಆಪರೇಷನ್ ಅಂದ್ರೆ ರಕ್ತ ಸುರಿದು ಸಾಯೋದು ಅನ್ನೋ ಕಾಲದಲ್ಲಿ, ನಿಧಾನವಾಗಿ, ಶುದ್ಧವಾಗಿ, ಒಂದೊಂದೇ ರಕ್ತನಾಳ ಕಟ್ಟುತ್ತಾ, ಅದನ್ನ ಸುರಕ್ಷಿತ ಆಪರೇಷನ್ ಮಾಡಿದವರು. ಕೈಚಳಕ ಎಷ್ಟು ಚೆನ್ನಾಗಿತ್ತು ಅಂದ್ರೆ ಇಡೀ ಗ್ರಂಥಿಯನ್ನೇ ಒಂದು ಚೂರೂ ಬಿಡದೆ ತೆಗೀತಿದ್ರು.

1874ರಲ್ಲಿ ಒಬ್ಬ ಹುಡುಗಿಗೆ ಹೀಗೇ ಪೂರ್ತಿ ತೆಗೆದ್ರು. ಆಪರೇಷನ್ ಸಕ್ಸಸ್. ಕೆಲವು ವರ್ಷ ಕಳೆದ ಮೇಲೆ ಆ ಹುಡುಗಿಯನ್ನ ಕಳಿಸಿದ್ದ ಡಾಕ್ಟರು, ‘ಅವಳು ಯಾಕೋ ಬದಲಾಗಿದ್ದಾಳೆ’ ಅಂದ್ರು. ಕೋಕರ್ ಕರೆಸಿ ನೋಡಿದ್ರೆ ಬೆಳವಣಿಗೆ ನಿಂತಿದೆ, ಮುಖ ಊದಿದೆ, ಮಾತು, ಯೋಚನೆ ಎಲ್ಲ ಮಂದ. ತಂಗಿ ಅಕ್ಕನಿಗಿಂತ ಎತ್ತರ ಬೆಳೆದಿದ್ದಳು. ಗಾಬರಿಯಾಗಿ ಹಳೇ ರೋಗಿಗಳನ್ನೆಲ್ಲ ವಾಪಸ್ ಕರೆಸಿದ್ರು. ಪೂರ್ತಿ ಗ್ರಂಥಿ ಕಳ್ಕೊಂಡ ಬಹುತೇಕರದ್ದು ಅದೇ ಪಾಡು. 1883ರಲ್ಲಿ ಜರ್ಮನಿಯ ಸರ್ಜನ್‌ಗಳ ಸಭೆಯಲ್ಲಿ ನಿಂತು ಅದನ್ನ ಎಲ್ಲರ ಮುಂದೆ ಹೇಳಿದ್ರು, ಸಾಮಾನ್ಯ ಗಳಗಂಡಕ್ಕೆ ಪೂರ್ತಿ ಗ್ರಂಥಿ ತೆಗೆಯೋದನ್ನ ಬಿಟ್ಟರು. 1909ರಲ್ಲಿ ನೊಬೆಲ್ ಬಂತು, ಆ ಬಹುಮಾನ ಪಡೆದ ಮೊದಲ ಸರ್ಜನ್ ಅವರೇ. ನಂಗೆ ಆ ಬಹುಮಾನಕ್ಕಿಂತ 1883ರ ಭಾಷಣ ದೊಡ್ಡದು ಅನ್ಸುತ್ತೆ. ‘ನನ್ನ ಕೈಯಿಂದಲೇ ಇವರೆಲ್ಲ ಹೀಗಾದ್ರು’ ಅಂತ ತುಂಬಿದ ಸಭೆಯಲ್ಲಿ ಲೆಕ್ಕ ಒಪ್ಪಿಸೋದು ಸುಲಭ ಅಲ್ಲ.

ಈ ಹಳೇ ಕಥೆ ಯಾಕೆ ಹೇಳ್ದೆ ಅಂದ್ರೆ, ಥೈರಾಯ್ಡ್‌ನಲ್ಲಿ ಎಷ್ಟು ತೆಗೀಬೇಕು, ಎಷ್ಟು ಬಿಡಬೇಕು ಅನ್ನೋದು ಅವತ್ತಿಂದಲೂ ತೂಕದ ಪ್ರಶ್ನೆ. ಈಗ ಮಾತ್ರೆ ಇದೆ, ಪ್ರಾಣಕ್ಕೆ ಅಪಾಯ ಇಲ್ಲ, ನಿಜ. ನಿಮ್ಮ ಮನೆಯಲ್ಲೂ ಬೆಳಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗಿ, ಕಾಫಿಗೆ ಅರ್ಧ ಗಂಟೆ ಕಾಯೋರು ಒಬ್ಬರಾದರೂ ಇರ್ತಾರೆ. ಆದ್ರೆ ಪೂರ್ತಿ ತೆಗೆದ್ರೆ ಆ ಮಾತ್ರೆ ಜೀವನಪೂರ್ತಿ. ಜೊತೆಗೆ ಧ್ವನಿಯ ನರ, ಕ್ಯಾಲ್ಸಿಯಂ ನೋಡ್ಕೊಳ್ಳೋ ಪುಟ್ಟ ಗ್ರಂಥಿಗಳು ಅಲ್ಲೇ ಅಕ್ಕಪಕ್ಕ ಇರೋದ್ರಿಂದ ಎರಡೂ ಕಡೆ ಕೈ ಹಾಕಿದ್ರೆ ಅಪಾಯವೂ ಹೆಚ್ಚು. ಅರ್ಧ ಉಳಿದ್ರೆ ಎಷ್ಟೋ ಜನಕ್ಕೆ ಆ ಅರ್ಧವೇ ಸಂಸಾರ ತೂಗಿಸುತ್ತೆ. ಹಾಗಾಗಿ ಲ್ಯಾಬ್ ರಿಪೋರ್ಟ್‌ನಲ್ಲಿ ಬರೋ ಒಂದು ಪದಕ್ಕೆ ಇಷ್ಟು ಬೆಲೆ.

ಸರಿ, ಬರ್ನ್‌ನಲ್ಲೇ ಇರೋಣ. ಕೋಕರ್ ತೆಗೆದ ಗಡ್ಡೆಗಳನ್ನ ಸೂಕ್ಷ್ಮದರ್ಶಕದಲ್ಲಿ ನೋಡೋ ಕೆಲಸ ಅದೇ ಊರಿನ ಪೆಥಾಲಜಿ ಪ್ರೊಫೆಸರ್ ಥಿಯೋಡರ್ ಲಾಂಗ್‌ಹಾನ್ಸ್ ಅವರದ್ದು. ಅವರ ವಿಭಾಗದಲ್ಲಿ ರಾಹೆಲ್ ಜಿಪ್ಕಿನ್ ಅನ್ನೋ ಮಹಿಳೆ ಕೆಲಸ ಮಾಡ್ತಿದ್ರು. 1905ರಲ್ಲಿ ಅವರು ಜರ್ಮನ್ ಭಾಷೆಯಲ್ಲಿ ಒಂದು ಲೇಖನ ಬರೆದ್ರು. ಥೈರಾಯ್ಡ್ ಗಡ್ಡೆಯ ಕೋಶಗಳ ಮಧ್ಯೆ ಗಾಜಿನ ಹಾಗೆ ಹೊಳೆಯೋ, ಗುಂಡುಗುಂಡಾದ ಪದಾರ್ಥವೊಂದು ತುಂಬಿಕೊಂಡಿರೋದನ್ನ ವಿವರಿಸಿದ್ರು. ಆ ಲೇಖನದ ಶೀರ್ಷಿಕೆಯಲ್ಲೇ ‘ಮಾರಕ ಗಳಗಂಡಗಳು’ ಅನ್ನೋ ಪದ ಇದೆ. ಅಂದ್ರೆ ಈ ಗಡ್ಡೆ ವೈದ್ಯಲೋಕಕ್ಕೆ ಪರಿಚಯ ಆಗಿದ್ದೇ ಕ್ಯಾನ್ಸರ್‌ಗಳ ಸಾಲಿನಲ್ಲಿ ನಿಂತು. ಆ ಲೇಖನ ಓದಿ ಯಾರೂ ಹಿಂಬಾಲಿಸಲಿಲ್ಲ. ಎಂಬತ್ತು ವರ್ಷ ಅದು ಲೈಬ್ರರಿಯ ಕಪಾಟಲ್ಲೇ ಮಲಗಿತ್ತು.

ಈಗ ಅಮೆರಿಕಕ್ಕೆ, 1987ಕ್ಕೆ ಬರೋಣ. ಮಿನ್ನೆಸೋಟ ರಾಜ್ಯದ ರೋಚೆಸ್ಟರ್ ಊರಿನ ಮೇಯೋ ಕ್ಲಿನಿಕ್. ಥೈರಾಯ್ಡ್‌ಗೂ ಈ ಜಾಗಕ್ಕೂ ಹಳೇ ನಂಟು. ಥೈರಾಕ್ಸಿನ್ ಹಾರ್ಮೋನನ್ನ ಮೊದಲು ಬೇರ್ಪಡಿಸಿದ್ದು ಇಲ್ಲೇ, 1914ರ ಕ್ರಿಸ್‌ಮಸ್ ದಿನ, ಎಡ್ವರ್ಡ್ ಕೆಂಡಾಲ್ ಅನ್ನೋರು. ಈ ಕ್ಲಿನಿಕ್‌ನಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಪೆಥಾಲಜಿಸ್ಟ್ ಒಬ್ಬರಿದ್ದರು: ಜೆ. ಏಡನ್ ಕಾರ್ನಿ. ಯಾರ ಗಮನಕ್ಕೂ ಬಾರದ ಅಪರೂಪದ ರೋಗಗಳನ್ನ, ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸೋ ಕೇಸ್‌ಗಳನ್ನ ಜೋಡಿಸಿ ‘ಇದೆಲ್ಲ ಒಂದೇ ಜಾತಿ’ ಅಂತ ಹೇಳೋದ್ರಲ್ಲಿ ಅವರು ನಿಸ್ಸೀಮರು. ಇವತ್ತಿಗೂ ಅವರ ಹೆಸರಲ್ಲೇ ಕರೆಯೋ ಕಾಯಿಲೆಗಳಿವೆ.

ಕಾರ್ನಿ ಮತ್ತು ಇಬ್ಬರು ಸಹೋದ್ಯೋಗಿಗಳು 11 ರೋಗಿಗಳ ಥೈರಾಯ್ಡ್ ಗಡ್ಡೆಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು. ಎಲ್ಲದರ ವಿನ್ಯಾಸ ಒಂದೇ. ಮಾಮೂಲಿ ಥೈರಾಯ್ಡ್ ಒಳಗೆ ಕೋಶಗಳು ಉಂಗುರದ ಥರ ಕೂತು, ಮಧ್ಯೆ ಹಾರ್ಮೋನಿನ ದ್ರವ ಇಟ್ಕೊಂಡಿರ್ತವೆ. ಇಲ್ಲಿ ಹಾಗಲ್ಲ. ಉದ್ದುದ್ದ ಕೋಶಗಳು ಪಟ್ಟಿಪಟ್ಟಿಯಾಗಿ, ಸಾಲುಗಟ್ಟಿ ನಿಂತಿದ್ದವು. ಅದೇ ‘ಟ್ರಾಬೆಕ್ಯುಲರ್’. ಸಾಲುಗಳ ನಡುವೆ ಗಾಜಿನಂಥ ಗುಲಾಬಿ ಬಣ್ಣದ ಪದಾರ್ಥ. ಅದೇ ‘ಹೈಲಿನೈಜಿಂಗ್’. ಜಿಪ್ಕಿನ್ ಕಂಡಿದ್ದೂ ಅದನ್ನೇ. ಗಡ್ಡೆ ಸುತ್ತ ಸ್ಪಷ್ಟವಾದ ಗಡಿ ಇತ್ತು, ಅಕ್ಕಪಕ್ಕ ನುಗ್ಗಿರಲಿಲ್ಲ, ರೋಗಿಗಳು ಆರೋಗ್ಯವಾಗಿದ್ದರು. ಹಾಗಾಗಿ ಕಾರ್ನಿ ಹೆಸರಿನ ಕೊನೆಗೆ ‘ಅಡಿನೋಮಾ’ ಅಂತ ಸೇರಿಸಿದ್ರು. ಅಡಿನೋಮಾ ಅಂದ್ರೆ ಗ್ರಂಥಿಯ ನಿರುಪದ್ರವಿ ಗಡ್ಡೆ. 1905ರಲ್ಲಿ ಮಾರಕದ ಪಟ್ಟಿಯಲ್ಲಿ ಇದ್ದದ್ದು 1987ರಲ್ಲಿ ಸಾಧು ಆಯ್ತು.

ಕಥೆ ಇಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ, ಯಾಕಂದ್ರೆ ಆ ಕೋಶಗಳ ಒಳಗೆ ಒಂದು ಪೇಚು ಕೂತಿತ್ತು.

ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಅತೀ ಸಾಮಾನ್ಯವಾದದ್ದು ಪ್ಯಾಪಿಲರಿ ಕ್ಯಾನ್ಸರ್. ಬಹಳಷ್ಟು ಕ್ಯಾನ್ಸರ್‌ಗಳನ್ನ ಪೆಥಾಲಜಿಸ್ಟ್‌ಗಳು ಗುರುತಿಸೋದು ಅವು ಗಡಿ ದಾಟಿ ನುಗ್ಗೋ ರೀತಿಯಿಂದ. ಆದ್ರೆ ಪ್ಯಾಪಿಲರಿಯನ್ನ ಗುರುತಿಸೋದು ಮುಖ್ಯವಾಗಿ ಮುಖ ನೋಡಿ, ಅಂದ್ರೆ ಕೋಶಕೇಂದ್ರದ ರೂಪ ನೋಡಿ. 1960ರಲ್ಲಿ ಸ್ಟುವರ್ಟ್ ಲಿಂಡ್ಸೆ, 1977ರಲ್ಲಿ ಚೆನ್ ಮತ್ತು ರೊಸಾಯ್ ಅನ್ನೋ ಪೆಥಾಲಜಿಸ್ಟ್‌ಗಳು ಈ ದಾರಿ ಹಾಕಿಕೊಟ್ರು. ಗಡ್ಡೆಯ ವಿನ್ಯಾಸ ಹೇಗೇ ಇರಲಿ, ಕೋಶಕೇಂದ್ರ ಪ್ಯಾಪಿಲರಿ ಥರ ಇದ್ರೆ ಅದು ಪ್ಯಾಪಿಲರಿಯೇ ಅನ್ನೋ ವಾದ.

ಆ ಮುಖದ ಲಕ್ಷಣಗಳು ಏನು? ಒಂದು, ಕೇಂದ್ರ ಒಳಗೆ ಖಾಲಿ ಖಾಲಿ ಕಾಣೋದು. ಅಮೆರಿಕದಲ್ಲಿ 1924ರಿಂದ ಬರ್ತಿದ್ದ ‘ಲಿಟಲ್ ಆರ್ಫನ್ ಆ್ಯನಿ’ ಅನ್ನೋ ಕಾಮಿಕ್‌ನ ಹುಡುಗಿಗೆ ಕಣ್ಣುಗುಡ್ಡೆಯೇ ಇರ್ತಿರಲಿಲ್ಲ, ಬರೀ ಖಾಲಿ ಸುತ್ತು. ಅದಕ್ಕೇ ಇವನ್ನ ‘ಆರ್ಫನ್ ಆ್ಯನಿ ಕಣ್ಣು’ ಅಂತಾರೆ. ತಮಾಷೆ ಅಂದ್ರೆ, ಈ ಖಾಲಿ ಕಣ್ಣು ಆಗೋದು ಫಾರ್ಮಲಿನ್‌ನಲ್ಲಿ ನೆನೆಸಿ ಸ್ಲೈಡ್ ಮಾಡೋ ವಿಧಾನದಿಂದ. ಸೂಜಿಯಲ್ಲಿ ತೆಗೆದ ಕೋಶದಲ್ಲಿ ಅದು ಹಾಗೆ ಕಾಣೋದಿಲ್ಲ. ಅಲ್ಲಿ ಹುಡುಕೋದು ಬೇರೆ ಎರಡು ಗುರುತು. ಕೇಂದ್ರದ ಉದ್ದಕ್ಕೂ ಒಂದು ಗೀರು ಬಿದ್ದಿರೋದು. ಪ್ರಪಂಚದಾದ್ಯಂತ ಪೆಥಾಲಜಿಸ್ಟ್‌ಗಳು ಇದನ್ನ ಹೋಲಿಸೋದು ಕಾಫಿ ಬೀಜಕ್ಕೆ. ಸಕಲೇಶಪುರ, ಚಿಕ್ಕಮಗಳೂರು ಕಡೆಯವರಿಗೆ ನಾನು ಬಿಡಿಸಿ ಹೇಳ್ಬೇಕಿಲ್ಲ. ಇನ್ನೊಂದು, ಕೋಶದ ರಸ ಕೇಂದ್ರದೊಳಗೆ ತಳ್ಳಿಕೊಂಡು ಬಂದು ಗುಳ್ಳೆ ಥರ ಕಾಣೋದು.

ಪೇಚು ಏನಂದ್ರೆ, ಕಾರ್ನಿಯ ಈ ಸಾಧು ಗಡ್ಡೆಯಲ್ಲೂ ಕಾಫಿ ಬೀಜದ ಗೀರು ಇತ್ತು. ಗುಳ್ಳೆಯೂ ಇತ್ತು. ಬರೀ ಇತ್ತು ಅಲ್ಲ, ಧಾರಾಳವಾಗಿ ಇತ್ತು, ಕೆಲವು ಸಲ ನಿಜವಾದ ಪ್ಯಾಪಿಲರಿಗಿಂತ ಜಾಸ್ತಿ! ಸೂಜಿಯಲ್ಲಿ ನಾಲ್ಕು ಹನಿ ಕೋಶ ಮಾತ್ರ ಬರುತ್ತೆ, ಪಟ್ಟಿಪಟ್ಟಿ ವಿನ್ಯಾಸ ಬರೋದಿಲ್ಲ, ಸುತ್ತಲ ಗಡಿಯಂತೂ ಬರೋದೇ ಇಲ್ಲ. ಬರೋದು ಮುಖ ಮಾತ್ರ. ಆ ಮುಖ ಪ್ಯಾಪಿಲರಿ ಮುಖ. ಚಿಕ್ಕಮ್ಮನ ಮೊದಲ ರಿಪೋರ್ಟ್ ಯಾಕೆ ಹಾಗೆ ಬಂತು ಅಂತ ನಂಗೆ ಅರ್ಥ ಆಗಿದ್ದು ಇಲ್ಲೇ. ಆ ಲ್ಯಾಬ್‌ನವರು ಪುಸ್ತಕದ ಪ್ರಕಾರವೇ ಓದಿದ್ರು. 2004ರಲ್ಲಿ ಮೇಯೋ ಕ್ಲಿನಿಕ್‌ನವರು ಇಂಥ 29 ಗಡ್ಡೆಗಳ ಸೂಜಿ ಸ್ಲೈಡ್‌ಗಳನ್ನ ಮತ್ತೆ ತೆಗೆದು ನೋಡಿದಾಗಲೂ ಗೊತ್ತಾಗಿದ್ದು ಇದೇ, ಕಣ್ಣು ಮೋಸ ಹೋಗೋದು ಸಹಜ ಅಂತ.

ಮತ್ತೊಂದು ಗೊಂದಲವೂ ಇದೆ. ಆ ಗಾಜಿನಂಥ ಪದಾರ್ಥ ನೋಡಿದ್ರೆ ಮೆಡ್ಯುಲರಿ ಅನ್ನೋ ಇನ್ನೊಂದು ಥೈರಾಯ್ಡ್ ಕ್ಯಾನ್ಸರ್‌ನಲ್ಲಿ ಸಿಗೋ ಅಮಿಲಾಯ್ಡ್ ಥರಾನೇ ಇರುತ್ತೆ. ಇದನ್ನ ಬಿಡಿಸೋದು ಅಷ್ಟು ಕಷ್ಟ ಅಲ್ಲ. ಕಾಂಗೋ ರೆಡ್ ಅನ್ನೋ ಬಣ್ಣ ಹಾಕಿದ್ರೆ ಅಮಿಲಾಯ್ಡ್ ಹಿಡ್ಕೊಳ್ಳುತ್ತೆ, ಇದು ಹಿಡ್ಕೊಳ್ಳಲ್ಲ. ಕ್ಯಾಲ್ಸಿಟೋನಿನ್ ಪರೀಕ್ಷೆ ಮಾಡಿದ್ರೂ ತಿಳಿಯುತ್ತೆ. ಪ್ಯಾಪಿಲರಿಯಿಂದ ಬಿಡಿಸೋದೇ ಜಗಳ.

ಆ ಜಗಳ 1990ರ ದಶಕದಲ್ಲಿ ಜೋರಾಯ್ತು. ಕೆಲವರು, ‘ಈ ವಿನ್ಯಾಸದ ಗಡ್ಡೆ ಗಡಿ ದಾಟಿ ನುಗ್ಗಿದ್ದನ್ನ ನಾವು ನೋಡಿದ್ದೀವಿ, ಅಡಿನೋಮಾ ಅಂತ ಯಾಕೆ ಕರೀತೀರಿ?’ ಅಂತ ಕೇಳಿದ್ರು. ಇನ್ನು ಕೆಲವರು ನೇರವಾಗಿ, ಇದು ಪ್ಯಾಪಿಲರಿ ಕ್ಯಾನ್ಸರಿನದ್ದೇ ಇನ್ನೊಂದು ವೇಷ ಅಂದ್ರು.

ಇದರ ಮಧ್ಯೆ ಜಪಾನಿನಿಂದ ಒಂದು ವಿಚಿತ್ರ ಸುದ್ದಿ ಬಂತು. ಕೋಶ ಎಷ್ಟು ವೇಗವಾಗಿ ಹೆಚ್ಚಾಗ್ತಿದೆ ಅಂತ ನೋಡೋಕೆ ಲ್ಯಾಬ್‌ಗಳಲ್ಲಿ ಕೆಐ-67 ಅನ್ನೋ ಪರೀಕ್ಷೆ ಮಾಡ್ತಾರೆ. ಜರ್ಮನಿಯ ಕೀಲ್ ಊರಲ್ಲಿ ಕಂಡುಹಿಡಿದಿದ್ದು, ಅದಕ್ಕೇ ಆ ‘ಕೆಐ’. ಅದಕ್ಕೆ ಬಳಸೋ ಎಂಐಬಿ-1 ಅನ್ನೋ ಪ್ರತಿಕಾಯ ಬಣ್ಣ ಹಿಡಿಸೋದು ಕೋಶಕೇಂದ್ರಕ್ಕೆ, ಬೇರೆಲ್ಲೂ ಅಲ್ಲ. 1995ರಲ್ಲಿ ಮಿತ್ಸುಯೋಶಿ ಹಿರೊಕಾವಾ ಮತ್ತು ಸಂಗಡಿಗರು ಗಮನಿಸಿದ್ರು, ಈ ಗಡ್ಡೆಯಲ್ಲಿ ಮಾತ್ರ ಬಣ್ಣ ಕೇಂದ್ರ ಬಿಟ್ಟು ಹೊರಗೆ ಹಿಡೀತಿದೆ! 2000ದಲ್ಲಿ ಹಿರೊಕಾವಾ ಮತ್ತು ಕಾರ್ನಿ ಇಬ್ಬರೂ ಸೇರಿ ಅದನ್ನ ಖಚಿತ ಮಾಡಿದ್ರು. ಕೋಶದ ಹೊರಪೊರೆ ಗೆರೆ ಎಳೆದ ಹಾಗೆ ಬಣ್ಣ ತಗೊಳ್ತಿತ್ತು. ಪ್ಯಾಪಿಲರಿ ಕ್ಯಾನ್ಸರ್‌ನಲ್ಲಿ ಹೀಗೆ ಆಗಲ್ಲ. ಯಾಕೆ ಹಾಗೆ ಹಿಡಿಯುತ್ತೆ ಅನ್ನೋದಕ್ಕಿಂತ, ಹಿಡಿಯುತ್ತೆ ಅನ್ನೋದೇ ಮುಖ್ಯ ಆಯ್ತು. ಅಂತೂ ಒಂದು ಆಧಾರ್ ಕಾರ್ಡ್ ಸಿಕ್ಕ ಹಾಗಾಯ್ತು.

ಆದ್ರೆ ನೋಡಿ, ಆ ಆಧಾರ್ ಕಾರ್ಡಿಗೂ ಒಂದು ಷರತ್ತು. ಈ ಬಣ್ಣ ಹಿಡಿಯೋದು ಪರೀಕ್ಷೆಯನ್ನ ಸಾಮಾನ್ಯ ಕೋಣೆಯ ಉಷ್ಣತೆಯಲ್ಲಿ ಮಾಡಿದ್ರೆ ಮಾತ್ರ. ಸ್ಲೈಡನ್ನ ಬೆಚ್ಚಗೆ ಮಾಡಿ ಬಣ್ಣ ಹಾಕೋ ಆಟೊಮ್ಯಾಟಿಕ್ ಮೆಷಿನ್‌ನಲ್ಲಿ ಇಟ್ರೆ ಆ ಗೆರೆ ಮಾಯ. ಎಷ್ಟೋ ಲ್ಯಾಬ್‌ಗಳು ‘ನಮಗೆ ಬರ್ತಾ ಇಲ್ಲವಲ್ಲ’ ಅಂತ ತಲೆ ಕೆರ್ಕೊಂಡ ಮೇಲೆ ಇದು ಗೊತ್ತಾಗಿದ್ದು. ಲ್ಯಾಬ್ ಆಧುನಿಕ ಆದಷ್ಟೂ ಈ ಗಡ್ಡೆ ಕೈತಪ್ಪೋ ಸಾಧ್ಯತೆ ಹೆಚ್ಚು ಅನ್ನೋದು ನಂಗೆ ಬಹಳ ಇಷ್ಟವಾದ ವಿವರ. ನಮ್ಮಜ್ಜಿ ಮಿಕ್ಸಿ ಚಟ್ನಿ ಬಗ್ಗೆ ಹೇಳ್ತಿದ್ದ ಮಾತೂ ಇದೇ.

ಅದೇ 2000ದಲ್ಲಿ, ಅದೇ ಪತ್ರಿಕೆಯಲ್ಲಿ ಉಲ್ಟಾ ಸುದ್ದಿಯೂ ಬಂತು. ಕೆನಡಾದ ಟೊರಾಂಟೊ, ಇಟಲಿಯ ಟ್ಯೂರಿನ್, ಈ ಎರಡು ಊರಿನ ತಂಡಗಳು ಬೇರೆ ಬೇರೆಯಾಗಿ ಈ ಗಡ್ಡೆಯ ಜೀನ್ ಪರೀಕ್ಷೆ ಮಾಡಿದ್ವು. ಪ್ಯಾಪಿಲರಿ ಕ್ಯಾನ್ಸರ್‌ನಲ್ಲಿ ಕಾಣೋ ಆರ್‌ಇಟಿ-ಪಿಟಿಸಿ ಅನ್ನೋ ಜೀನ್ ಬದಲಾವಣೆ ಇದರಲ್ಲೂ ಕೆಲವು ಕೇಸ್‌ಗಳಲ್ಲಿ ಇದೆ ಅಂದ್ವು. ಅಂದ್ರೆ ಮುಖ ಮಾತ್ರ ಅಲ್ಲ, ರಕ್ತಸಂಬಂಧವೂ ಇದೆ ಅನ್ನೋ ಹಾಗೆ. ಒಂದೇ ವರ್ಷ, ಒಂದು ಕಡೆ ‘ಇದು ಬೇರೆಯೇ’ ಅನ್ನೋ ಪುರಾವೆ, ಇನ್ನೊಂದು ಕಡೆ ‘ಇದು ಅದೇ’ ಅನ್ನೋ ಪುರಾವೆ. ಡಾಕ್ಟರುಗಳು ಯಾವುದನ್ನ ನಂಬಬೇಕು? 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪುಸ್ತಕದಲ್ಲಿ ‘ಅಡಿನೋಮಾ’ ತೆಗೆದು ‘ಟ್ಯೂಮರ್’ ಅಂತ ಹಾಕ್ತು. ಟ್ಯೂಮರ್ ಅಂದ್ರೆ ಬರೀ ಗಡ್ಡೆ. ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ಜಗಳದಲ್ಲಿ ಯಾರ ಪಕ್ಷವೂ ಬೇಡ ಅಂತ ಜಾರಿಕೊಂಡ ಉತ್ತರ ಅದು.

ಜಗಳ ಬಗೆಹರಿಸೋಕೆ ಕಾರ್ನಿ ಹಿಡಿದ ದಾರಿ ಹಳೇ ಕಾಲದ್ದು. ರೋಗಿಗಳು ಏನಾದ್ರು ಅಂತ ನೋಡೋದು, ಅಷ್ಟೆ. ಕೋಕರ್ 1883ರಲ್ಲಿ ಮಾಡಿದ್ದೂ ಅದೇ ಅಲ್ವಾ? 2008ರಲ್ಲಿ ಕಾರ್ನಿ, ಹಿರೊಕಾವಾ ಮತ್ತು ಇನ್ನೂ ಮೂವರು ಸೇರಿ 119 ರೋಗಿಗಳ ಲೆಕ್ಕ ಕೊಟ್ರು. ಒಬ್ಬರಲ್ಲಿ ಗಡ್ಡೆ ಗಡಿ ದಾಟಿ ಶ್ವಾಸಕೋಶಕ್ಕೆ ಹರಡಿತ್ತು. ಉಳಿದವರಲ್ಲಿ ಅದು ಸಾಧುವಾಗೇ ಇತ್ತು. ಲೇಖನದ ಶೀರ್ಷಿಕೆಯಲ್ಲೇ ‘ಬಹುತೇಕ ಎಲ್ಲವೂ ನಿರುಪದ್ರವಿ’ ಅಂತ ಬರೆದ್ರು. ‘ಬಹುತೇಕ’ ಅನ್ನೋ ಪದವನ್ನ ಬಿಡಲಿಲ್ಲ ನೋಡಿ, ಆ ಒಬ್ಬ ರೋಗಿಗೆ ಕೊಟ್ಟ ಮರ್ಯಾದೆ ಅದು. ಆ ಐವರಲ್ಲಿ ಒಬ್ಬರು ಮೌರೊ ಪಾಪೊಟ್ಟಿ, 2000ದ ಟ್ಯೂರಿನ್ ತಂಡದವರೇ! ಎಂಟು ವರ್ಷದ ಹಿಂದೆ ಎದುರು ದಡದಲ್ಲಿ ಇದ್ದವರ ಸ್ಲೈಡ್, ಸಹಿ ಎರಡೂ ಇದರಲ್ಲಿ ಸೇರಿದ್ದವು.

ಅದೇ ವರ್ಷ ಕಾರ್ನಿ ಇನ್ನೊಂದು ಲೇಖನವನ್ನೂ ಬರೆದ್ರು. ಅದರಲ್ಲಿ, ಈ ಗಡ್ಡೆಯನ್ನ ಒಂದಲ್ಲ ನಾಲ್ಕು ಸಲ ವಿವರಿಸಲಾಗಿದೆ, ನಾನು ಮೊದಲಿಗನಲ್ಲ ಅಂತ ಹೇಳಿ 1905ರ ಜಿಪ್ಕಿನ್ ಲೇಖನವನ್ನ ಕಪಾಟಿನಿಂದ ಹೊರಗೆ ತೆಗೆದ್ರು. ತನ್ನ ಹೆಸರಿಗೆ ಅಂಟಿಕೊಂಡ ಕೀರ್ತಿಯನ್ನ ತಾನೇ ಕೈಯಾರೆ ಹಂಚೋರು ಎಷ್ಟು ಜನ ಇದ್ದಾರೆ?

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗ್ತೀನಿ. ನಮ್ಮ ಗಡ್ಡೆಗೆ ಒಬ್ಬ ದಾಯಾದಿ ಇದ್ದಾನೆ, ಅವನ ಕಥೆ ಇದಕ್ಕಿಂತ ಜಾಸ್ತಿ ಸುದ್ದಿ ಮಾಡ್ತು. ಪ್ಯಾಪಿಲರಿ ಮುಖ ಇದ್ದು, ಸುತ್ತ ಚಿಪ್ಪಿನಂಥ ಗಡಿ ಕಟ್ಟಿಕೊಂಡು, ಎಲ್ಲೂ ನುಗ್ಗದೆ ತೆಪ್ಪಗೆ ಕೂತಿರೋ ಗಡ್ಡೆ. 1977ರ ವಾದದ ಪ್ರಕಾರ, ಮುಖ ಪ್ಯಾಪಿಲರಿ ಆದ್ರೆ ಅದು ಕ್ಯಾನ್ಸರ್ರೇ. ಹಾಗಾಗಿ ಪೂರ್ತಿ ಥೈರಾಯ್ಡ್ ತೆಗೆಯೋದು, ಆಮೇಲೆ ವಿಕಿರಣದ ಅಯೋಡಿನ್ ಕುಡಿಸೋದು, ವರ್ಷ ವರ್ಷ ತಪಾಸಣೆ, ಎಲ್ಲ ನಡೀತಿತ್ತು. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಯೂರಿ ನಿಕಿಫೊರೊವ್ ಅನ್ನೋ ಪೆಥಾಲಜಿಸ್ಟ್ ಹತ್ರ ಹತ್ತೊಂಬತ್ತು ವರ್ಷದ ಒಬ್ಬ ಯುವತಿಯ ಕೇಸ್ ಬಂತು. ಅವರಿಗೆ ಅದು ನಿರುಪದ್ರವಿ ಅಂತ ಖಾತ್ರಿ ಇತ್ತು. ಆದ್ರೆ ಪುಸ್ತಕದಲ್ಲಿ ಅದರ ಹೆಸರು ಕಾರ್ಸಿನೋಮಾ, ಹಾಗಾಗಿ ಸರ್ಜನ್‌ಗೆ ನಿಯಮದ ಪ್ರಕಾರ ಪೂರ್ತಿ ತೆಗೆಯದೆ ದಾರಿ ಇರಲಿಲ್ಲ. ಸಾಕು ಈ ಆಟ ಅನ್ನಿಸ್ತು ನಿಕಿಫೊರೊವ್‌ಗೆ.

7 ದೇಶಗಳ 24 ಪೆಥಾಲಜಿಸ್ಟ್‌ಗಳನ್ನ ಸೇರಿಸಿದ್ರು. ಜೊತೆಗೆ ಇಬ್ಬರು ಹಾರ್ಮೋನ್ ತಜ್ಞರು, ಒಬ್ಬ ಸರ್ಜನ್, ಒಬ್ಬ ಮನೋವೈದ್ಯ, ಮತ್ತೆ ಥೈರಾಯ್ಡ್ ಕ್ಯಾನ್ಸರ್ ಅನುಭವಿಸಿದ ಒಬ್ಬ ರೋಗಿ. ಮನೋವೈದ್ಯ ಯಾಕೆ ಅಂದ್ರೆ, ‘ಕ್ಯಾನ್ಸರ್’ ಅನ್ನೋ ಪದ ಕೇಳಿದ ಮನುಷ್ಯನ ತಲೆಯೊಳಗೆ ಏನಾಗುತ್ತೆ ಅನ್ನೋದೂ ಲೆಕ್ಕಕ್ಕೆ ಬರಬೇಕು ಅಂತ. ಎರಡು ಗುಂಪಿನ ಹಳೇ ಕೇಸ್‌ಗಳನ್ನ ತೆಗೆದ್ರು. ಗಡಿ ದಾಟದ 109 ಜನರ ಗುಂಪಿನಲ್ಲಿ, 10ರಿಂದ 26 ವರ್ಷ ಕಳೆದ ಮೇಲೂ ಎಲ್ಲರೂ ಬದುಕಿದ್ರು, ಒಬ್ಬರಿಗೂ ರೋಗ ಮರುಕಳಿಸಿರಲಿಲ್ಲ. ಅವರಲ್ಲಿ ಯಾರಿಗೂ ವಿಕಿರಣದ ಅಯೋಡಿನ್ ಕೊಟ್ಟಿರಲಿಲ್ಲ. ಗಡಿ ದಾಟಿದ 101 ಜನರ ಗುಂಪಿನಲ್ಲಿ ಮಾತ್ರ 12 ಶೇಕಡಾ ಮಂದಿಗೆ ತೊಂದ್ರೆ ಬಂದಿತ್ತು. 2016ರಲ್ಲಿ ಆ ಗಡ್ಡೆಯ ಹೆಸರಿಂದ ‘ಕಾರ್ಸಿನೋಮಾ’ ಅನ್ನೋ ಪದವನ್ನೇ ಕಿತ್ತು ಹಾಕಿದ್ರು. ಪ್ರಪಂಚದಲ್ಲಿ ವರ್ಷಕ್ಕೆ 45,000ಕ್ಕೂ ಹೆಚ್ಚು ಜನಕ್ಕೆ ಇದರಿಂದ ಕ್ಯಾನ್ಸರ್ ಪಟ್ಟ ತಪ್ಪುತ್ತೆ ಅಂತ ಅವರ ಅಂದಾಜು. ಹೊಸ ಹೆಸರು? ‘ನಾನ್‌ಇನ್ವೇಸಿವ್ ಫಾಲಿಕ್ಯುಲರ್ ಥೈರಾಯ್ಡ್ ನಿಯೋಪ್ಲಾಸಂ ವಿತ್ ಪ್ಯಾಪಿಲರಿ-ಲೈಕ್ ನ್ಯೂಕ್ಲಿಯರ್ ಫೀಚರ್ಸ್.’ ಉಸ್ಸಪ್ಪಾ! ಚಿಕ್ಕದಾಗಿ ‘ನಿಫ್ಟ್‌ಪಿ’ ಅಂತಾರೆ.

ಈಗ ನಮ್ಮ ಗಡ್ಡೆಗೆ ವಾಪಸ್. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪುಸ್ತಕ ಬಂತು. ಗಡ್ಡೆಗಳಿಗೆ ಅಲ್ಲಿ ಒಂದು ಕೋಡ್ ಕೊಡ್ತಾರೆ. ಕೋಡ್ ಕೊನೆಯಲ್ಲಿ 0 ಇದ್ರೆ ನಿರುಪದ್ರವಿ, 3 ಇದ್ರೆ ಮಾರಕ, 1 ಇದ್ರೆ ಇನ್ನೂ ತೀರ್ಮಾನ ಆಗಿಲ್ಲ. ನಮ್ಮ ಗಡ್ಡೆಗೂ ಅದರ ದಾಯಾದಿಗೂ 1 ಸಿಕ್ತು. ಬಿಕಾಂನವರಿಗೆ ಇದು ಚೆನ್ನಾಗಿ ಗೊತ್ತು, ನಾವು ಇದನ್ನ ಸಸ್ಪೆನ್ಸ್ ಅಕೌಂಟ್ ಅಂತೀವಿ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ದಾಗ, ವ್ಯತ್ಯಾಸದ ಮೊತ್ತವನ್ನ ಆ ಖಾತೆಗೆ ಹಾಕಿ ಮುಂದೆ ಹೋಗೋದು. ಸರಿಯಾದ ವೋಚರ್ ಸಿಕ್ಕಾಗ ತೆಗೆದು ಸರಿ ತಲೆಗೆ ಹಾಕೋದು.

ವೋಚರ್ ಸಿಕ್ಕಿದ್ದು 2019ರಲ್ಲಿ. ಎರಡು ತಂಡಗಳು, ಒಂದು ಪಿಟ್ಸ್‌ಬರ್ಗ್‌ನದ್ದು, ಇನ್ನೊಂದರಲ್ಲಿ ಮತ್ತೆ ಟ್ಯೂರಿನ್‌ನವರು, ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದ್ವು. ಈ ಗಡ್ಡೆಯಲ್ಲಿ ಎರಡು ಜೀನ್‌ಗಳು ತುಂಡಾಗಿ ಒಂದಕ್ಕೊಂದು ಅಂಟಿಕೊಂಡಿರ್ತವೆ. ಒಂದು ಪ್ಯಾಕ್ಸ್8, ಥೈರಾಯ್ಡ್ ಕೋಶದಲ್ಲಿ ಯಾವಾಗಲೂ ಆನ್ ಆಗಿರೋ ಸ್ವಿಚ್. ಇನ್ನೊಂದು ಗ್ಲಿಸ್3, ದೊಡ್ಡವರ ಥೈರಾಯ್ಡ್‌ನಲ್ಲಿ ಅಷ್ಟು ಜೋರಾಗಿ ಉರಿಯಬಾರದ ದೀಪ. ಆನ್ ಆಗೇ ಇರೋ ಸ್ವಿಚ್‌ಗೆ ಈ ದೀಪದ ವೈರ್ ಅಂಟಿಕೊಂಡ್ರೆ? ದೀಪ ಹಗಲೂ ರಾತ್ರಿ ಉರಿಯುತ್ತೆ. ಕೋಶ ಅನಗತ್ಯವಾಗಿ ಕೊಲಾಜೆನ್‌ನಂಥ ಪದಾರ್ಥ ತಯಾರಿಸಿ ಸುತ್ತ ಸುರೀತಾ ಹೋಗುತ್ತೆ. 1905ರಲ್ಲಿ ಜಿಪ್ಕಿನ್ ಕಂಡಿದ್ದ ಆ ಗಾಜಿನ ಗುಂಡುಗಳು ಎಲ್ಲಿಂದ ಬರ್ತಾವೆ ಅನ್ನೋದಕ್ಕೆ ಉತ್ತರ 114 ವರ್ಷ ಆದ ಮೇಲೆ. ಪ್ಯಾಪಿಲರಿ ಕ್ಯಾನ್ಸರ್‌ಗಳಲ್ಲಿ ಹುಡುಕಿದಾಗ ಈ ಜೋಡಣೆ ಸಿಗಲಿಲ್ಲ. ಪ್ಯಾಪಿಲರಿಯ ಖಾಸಾ ಗುರುತಾದ ಬಿಆರ್‌ಎಎಫ್ ಬದಲಾವಣೆ ಇದರಲ್ಲಿ ಸಿಗಲಿಲ್ಲ. ಮುಖ ಒಂದೇ ಥರ, ಆದ್ರೆ ವಂಶವೇ ಬೇರೆ.

2022ರ ವಿಂಗಡಣೆಯಲ್ಲಿ ಇದನ್ನ ‘ಕಮ್ಮಿ ಅಪಾಯದ ಗಡ್ಡೆ’ಗಳ ಪಟ್ಟಿಗೆ ಹಾಕಿದ್ದಾರೆ. ಸಸ್ಪೆನ್ಸ್ ಅಕೌಂಟ್ ಪೂರ್ತಿ ಖಾಲಿ ಆಗಿಲ್ಲ ಅನ್ನಿ. ಆ 119ರಲ್ಲಿ ಒಬ್ಬರನ್ನ ಯಾರೂ ಮರೆತಿಲ್ಲ.

ಈ ಜೀನ್ ಪರೀಕ್ಷೆ ಎಲ್ಲ ಊರಲ್ಲೂ ಸಿಗೋದಿಲ್ಲ, ಅಗ್ಗವೂ ಅಲ್ಲ. ಚಿಕ್ಕಮ್ಮನಿಗೆ ಅದನ್ನ ಮಾಡಲಿಲ್ಲ. ಅವರ ಎರಡನೇ ರಿಪೋರ್ಟ್ ಬರೆದ ಡಾಕ್ಟರನ್ನ ನಾನು ಹೋಗಿ ಮಾತಾಡಿಸಿದ್ದೆ. ವಯಸ್ಸಾದ ಮೇಡಂ, ಟೇಬಲ್ ತುಂಬಾ ಸ್ಲೈಡ್ ಟ್ರೇಗಳು. ಪಟ್ಟಿಪಟ್ಟಿ ವಿನ್ಯಾಸ ನೋಡಿ ಅನುಮಾನ ಬಂತಂತೆ. ಕಾಂಗೋ ರೆಡ್ ಹಾಕಿಸಿ ನೋಡಿದ್ರಂತೆ, ಆಮೇಲೆ ಎಂಐಬಿ-1. ‘ಮೆಷಿನ್‌ಗೆ ಹಾಕಬೇಡ, ಕೈಯಲ್ಲೇ ಮಾಡು, ಹೊರಗೇ ಇಟ್ಟು ಮಾಡು’ ಅಂತ ಟೆಕ್ನೀಷಿಯನ್ ಹುಡುಗನಿಗೆ ಹೇಳಿ ಮಾಡಿಸಿದ್ರಂತೆ. ನಂಗೆ ಆಗ ಆ ಮಾತಿನ ತೂಕ ಗೊತ್ತಿರಲಿಲ್ಲ. ಸುಮ್ನೆ ತಲೆ ಆಡಿಸಿ ಬಂದಿದ್ದೆ.

ಇನ್ನೊಂದು ಉಪಯೋಗದ ವಿಷಯ ಅವರೇ ಹೇಳಿದ್ದು. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ತುಂಡುಗಳನ್ನ ಲ್ಯಾಬ್‌ನವರು ಮೇಣದಲ್ಲಿ ಹುದುಗಿಸಿ ಇಡ್ತಾರೆ, ಬ್ಲಾಕ್ ಅಂತಾರೆ. ಬೇರೆ ಕಡೆ ತೋರಿಸಬೇಕು ಅಂದ್ರೆ ಆ ಬ್ಲಾಕ್ ಮತ್ತು ಸ್ಲೈಡ್ ಕೇಳಬಹುದು. ಬರೀ ರಿಪೋರ್ಟ್ ಪೇಪರ್ ಹಿಡ್ಕೊಂಡು ಹೋದ್ರೆ ಎರಡನೇ ಡಾಕ್ಟರು ಓದೋದು ಮೊದಲನೇ ಡಾಕ್ಟರ ಅಭಿಪ್ರಾಯವನ್ನ, ಗಡ್ಡೆಯನ್ನಲ್ಲ.

ಚಿಕ್ಕಮ್ಮನಿಗೆ ಈಗ ವರ್ಷಕ್ಕೊಂದು ಸಲ ಸ್ಕ್ಯಾನ್. ಮಾತ್ರೆ ಇಲ್ಲ, ಉಳಿದರ್ಧ ಥೈರಾಯ್ಡ್ ಕೆಲಸ ಮಾಡ್ತಿದೆ. ಆಪರೇಷನ್ ಗಾಯದ ಗೆರೆ ಕತ್ತಿನ ಮಡಿಕೆಯಲ್ಲಿ ಸೇರ್ಕೊಂಡಿದೆ. ಎರಡು ರಿಪೋರ್ಟನ್ನೂ ರೇಷನ್ ಕಾರ್ಡ್ ಇಡೋ ಪ್ಲಾಸ್ಟಿಕ್ ಕವರ್‌ನಲ್ಲೇ ಇಟ್ಟಿದ್ದಾರೆ. ಈ ಸಂಚಿಕೆ ಮಾಡ್ತಿದ್ದೀನಿ ಅಂತ ಹೋದ ವಾರ ಫೋನ್ ಮಾಡಿದಾಗ, ‘ಅದರ ಹೆಸರು ಇನ್ನೊಂದು ಸಲ ಹೇಳೇ’ ಅಂದ್ರು. ಹೇಳ್ದೆ. ಎರಡು ಸಲ ಪ್ರಯತ್ನ ಪಟ್ಟು, ‘ಹೋಗ್ಲಿ ಬಿಡು, ಗಂಟು ಅಂತಲೇ ಅಂತೀನಿ’ ಅಂದು ಮೆಷಿನ್ ತುಳಿಯೋಕೆ ಹೋದ್ರು.

ಮುಂದಿನ ಸಂಚಿಕೆ ಎರಡು ವಾರ ಬಿಟ್ಟು. ಪೆಥಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡೋರು ಯಾರಾದ್ರೂ ಕೇಳ್ತಿದ್ರೆ, ಕೈಯಲ್ಲಿ ಬಣ್ಣ ಹಾಕಿದ ನಿಮ್ಮ ಅನುಭವ ಒಂದು ವಾಯ್ಸ್ ನೋಟ್ ಮಾಡಿ ಕಳಿಸಿ. ಬರ್ತೀನಿ, ನಮಸ್ಕಾರ.